ಕಾಲೇಜಿನ ಮಾರ್ಕ್ಸ್‌ಗೆ ಎಲ್ಲಿ, ಎಷ್ಟು ಬೆಲೆ ಕೊಡಬೇಕು?

ಕಾಲೇಜಿನಲ್ಲಿ ಒಳ್ಳೆ ಮಾರ್ಕ್ಸ್ ತೆಗೆದವರು ಮುಂದೆ ಕೆಲಸದಲ್ಲೂ ಚೆನ್ನಾಗಿ ಮಾಡುತ್ತಾರಾ? ಈ ಪ್ರಶ್ನೆ ಕೇಳಿದರೆ ಒಂದು ಗುಂಪು ಮಾರ್ಕ್ಸೇ ಎಲ್ಲ ಅನ್ನುತ್ತದೆ. ಇನ್ನೊಂದು ಗುಂಪು ಕಾಲೇಜು ಅರ್ಧಕ್ಕೆ ಬಿಟ್ಟು ದೊಡ್ಡವರಾದ ನಾಲ್ಕೈದು ಜನರ ಹೆಸರು ಹೇಳಿ, ಮಾರ್ಕ್ಸ್ ಬರೀ ಕಾಗದ ಅಂತ ಮಾತು ಮುಗಿಸುತ್ತದೆ. ಕಾಲೇಜು ಬಿಟ್ಟು ಏನೂ ಆಗದವರ ಹೆಸರನ್ನು ಯಾರೂ ಪಟ್ಟಿ ಮಾಡೋದಿಲ್ಲ, ಅಲ್ವಾ? ಹಾಗಾಗಿ ಆ ವಾದ ನಿಲ್ಲುವುದಿಲ್ಲ. ಮೊದಲ ಗುಂಪಿನದೂ ನಿಲ್ಲುವುದಿಲ್ಲ.

ಇದರ ಬಗ್ಗೆ ದಶಕಗಳಿಂದ ಸಂಶೋಧನೆ ನಡೆದಿದೆ. ಉತ್ತರ ಸಾಕಷ್ಟು ಸ್ಪಷ್ಟವಾಗೇ ಇದೆ: ಸಂಬಂಧ ಇದೆ, ಚಿಕ್ಕದು, ವರ್ಷ ಕಳೆದ ಹಾಗೆ ಇನ್ನೂ ಚಿಕ್ಕದಾಗುತ್ತದೆ. ಇದನ್ನು ತಿಳಿದುಕೊಂಡು ಏನು ಮಾಡಬೇಕು ಅನ್ನೋದೇ ಜನರಿಗೆ ಗೊತ್ತಾಗುವುದಿಲ್ಲ. ಓದುತ್ತಿರುವವರು, ಕಡಿಮೆ ಮಾರ್ಕ್ಸ್ ಇಟ್ಟುಕೊಂಡು ಕೆಲಸ ಹುಡುಕುತ್ತಿರುವವರು, ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವವರು, ಈ ಮೂವರಿಗೂ ಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಭಾಗಕ್ಕೆ ನೇರವಾಗಿ ಹೋಗಬಹುದು, ಆದರೆ ಮೊದಲ ಭಾಗವನ್ನು ಮಾತ್ರ ಬಿಡಬೇಡಿ.

ಮೊದಲು ಅಂಕಿಯನ್ನು ಓದೋದು ಕಲಿಯಿರಿ

ಎರಡು ವಿಷಯಗಳು ಎಷ್ಟರ ಮಟ್ಟಿಗೆ ಜೊತೆಜೊತೆಯಾಗಿ ಹೋಗುತ್ತವೆ ಅಂತ ಅಳೆಯೋಕೆ ಕೋರಿಲೇಷನ್ ಅನ್ನುವ ಅಳತೆ ಬಳಸುತ್ತಾರೆ. ಸೊನ್ನೆ ಬಂದರೆ ಒಂದಕ್ಕೂ ಇನ್ನೊಂದಕ್ಕೂ ಅಂಥ ನಂಟು ಕಾಣುತ್ತಿಲ್ಲ. 1 ಬಂದರೆ ಒಂದು ಗೊತ್ತಾದರೆ ಇನ್ನೊಂದು ಪಕ್ಕಾ ಗೊತ್ತಾದ ಹಾಗೆ. 1996ರಲ್ಲಿ ಫಿಲಿಪ್ ರಾತ್ ಮತ್ತು ಜೊತೆಗಾರರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಮಾರ್ಕ್ಸ್‌ಗೂ ಕೆಲಸದ ಗುಣಮಟ್ಟಕ್ಕೂ ನಡುವೆ ನೇರವಾಗಿ ಕಂಡ ಕೋರಿಲೇಷನ್ 0.16. ಅಳತೆಯ ದೋಷಗಳನ್ನು ಸರಿಪಡಿಸಿದ ಮೇಲೆ ಅದು 0.3ಕ್ಕಿಂತ ಸ್ವಲ್ಪ ಮೇಲೆ ಹೋಯಿತು.

ಈ ಸರಿಪಡಿಸುವಿಕೆ ಸುಮ್ನೆ ಮಾಡಿದ್ದಲ್ಲ. ಅದಕ್ಕೆ ಕಾರಣ ತಿಳಿದುಕೊಳ್ಳೋದು ಮುಖ್ಯ, ಯಾಕೆಂದರೆ ಆಫೀಸುಗಳಲ್ಲಿ ಜನ ದಿನವೂ ಇಲ್ಲೇ ಎಡವುತ್ತಾರೆ. ಒಂದು ಕಂಪನಿ 70% ಮೇಲಿದ್ದವರನ್ನು ಮಾತ್ರ ತೆಗೆದುಕೊಳ್ಳುತ್ತದೆ ಅಂದುಕೊಳ್ಳಿ. ಆಮೇಲೆ ಒಳಗಿರುವವರನ್ನೇ ನೋಡಿ, ನಮ್ಮಲ್ಲಿ 72 ತೆಗೆದವರೂ 90 ತೆಗೆದವರೂ ಒಂದೇ ಥರ ಕೆಲಸ ಮಾಡುತ್ತಾರೆ, ಮಾರ್ಕ್ಸ್‌ಗೆ ಅರ್ಥವೇ ಇಲ್ಲ ಅನ್ನುತ್ತದೆ. ಆದರೆ 45 ತೆಗೆದವರು ಒಳಗೇ ಬಂದಿಲ್ಲ. ಅವರು ಬಂದಿದ್ದರೆ ಹೇಗೆ ಮಾಡುತ್ತಿದ್ದರು ಅನ್ನೋದು ಆ ಕಂಪನಿಗೆ ಗೊತ್ತಾಗುವ ದಾರಿಯೇ ಇಲ್ಲ. ಹೀಗೆ ಮೇಲಿನ ತುಂಡನ್ನು ಮಾತ್ರ ನೋಡಿದಾಗ ಸಂಬಂಧ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಎರಡನೇ ಕಾರಣ, ಕೆಲಸದ ಗುಣಮಟ್ಟವನ್ನು ಅಳೆಯುವವರು ಬಹುಪಾಲು ಮೇಲಧಿಕಾರಿಗಳು. ಒಬ್ಬನೇ ಉದ್ಯೋಗಿಗೆ ಇಬ್ಬರು ಮ್ಯಾನೇಜರ್‌ಗಳು ಬೇರೆ ಬೇರೆ ರೇಟಿಂಗ್ ಕೊಡುವುದನ್ನು ನೀವೂ ನೋಡಿರುತ್ತೀರಿ. ಅಳೆಯುವ ಕೋಲೇ ಅಲುಗಾಡಿದರೆ ಅದರ ಜೊತೆ ಯಾವುದೂ ಗಟ್ಟಿಯಾಗಿ ಹೊಂದುವುದಿಲ್ಲ.

ಸರಿ, 0.16 ಅಂದರೆ ನಿಜ ಜೀವನದಲ್ಲಿ ಏನು? ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬರ ಮಾರ್ಕ್ಸ್ ಜಾಸ್ತಿ, ಇನ್ನೊಬ್ಬರದು ಕಡಿಮೆ. ಜಾಸ್ತಿ ಇರುವವರೇ ಕೆಲಸದಲ್ಲೂ ಮುಂದಿರುತ್ತಾರೆ ಅಂತ ನೀವು ಊಹಿಸಿದರೆ, ಇಂಥ 100 ಜೋಡಿಗಳಲ್ಲಿ ಸುಮಾರು 55 ಸಲ ನಿಮ್ಮ ಊಹೆ ಸರಿಯಾಗುತ್ತದೆ. ಕೋರಿಲೇಷನ್ 0.3 ಅಂತ ಇಟ್ಟುಕೊಂಡರೂ ಸುಮಾರು 60 ಸಲ. ನಾಣ್ಯ ಚಿಮ್ಮಿದರೇ 50 ಸಲ ಸರಿ ಬರುತ್ತದೆ. ಸಾವಿರಾರು ಅರ್ಜಿಗಳ ನಡುವೆ ಈ 55, 60ಕ್ಕೂ ಬೆಲೆ ಇದೆ. ಎದುರಿಗೆ ಕೂತ ಒಬ್ಬ ಮನುಷ್ಯನ ಹಣೆಬರಹ ಬರೆಯೋಕೆ ಅದು ಸಾಲುವುದಿಲ್ಲ. ಈ ಎರಡೂ ಮಾತು ಒಟ್ಟಿಗೆ ನಿಜ. ಅದನ್ನು ಒಪ್ಪಿಕೊಂಡರೆ ಮುಂದಿನದೆಲ್ಲ ಸುಲಭ.

ಈ ವಿಚಾರ ಹೊಸದೂ ಅಲ್ಲ. 1965ರಲ್ಲೇ ಡೊನಾಲ್ಡ್ ಹಾಯ್ಟ್ ಅನ್ನುವವರು 46 ಅಧ್ಯಯನಗಳನ್ನು ನೋಡಿ, ಕಾಲೇಜಿನ ಗ್ರೇಡ್‌ಗಳಿಗೂ ಮುಂದಿನ ಸಾಧನೆಗೂ ಸಂಬಂಧ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಅಂತ ಬರೆದಿದ್ದರು. ಆಗ ದೋಷ ಸರಿಪಡಿಸುವ ವಿಧಾನಗಳು ಇಷ್ಟು ಬೆಳೆದಿರಲಿಲ್ಲ, ಅದಕ್ಕೇ ಅವರ ತೀರ್ಮಾನ ಸ್ವಲ್ಪ ಕಟುವಾಗಿದೆ ಅಂತ ನನ್ನ ಅನಿಸಿಕೆ.

ಡಿಗ್ರಿ ಮುಗಿದು ಎಷ್ಟು ವರ್ಷ ಆಯಿತು ಅಂತ ಕೇಳಿಕೊಳ್ಳಿ

ಯಾವುದೇ ಅಂಕಪಟ್ಟಿ ನೋಡುವಾಗ ಮೊದಲು ನೋಡಬೇಕಾದದ್ದು ಶೇಕಡಾವಾರು ಅಲ್ಲ, ಇಸವಿ. ರಾತ್ ಅವರ ಲೆಕ್ಕದಲ್ಲೇ ಇದು ಕಾಣುತ್ತದೆ: ಕಾಲೇಜು ಮುಗಿದ ಹೊಸತರಲ್ಲಿ ಮಾರ್ಕ್ಸ್‌ಗೂ ಕೆಲಸಕ್ಕೂ ಇರುವ ನಂಟು ಗಟ್ಟಿ, ವರ್ಷಗಳು ಉರುಳಿದ ಹಾಗೆ ಸಡಿಲ.

ಯಾಕೆ ಹೀಗೆ? ಮಾರ್ಕ್ಸ್ ಒಂದೇ ವಿಷಯವನ್ನು ಅಳೆಯುವುದಿಲ್ಲ. ಅದರಲ್ಲಿ ಬುದ್ಧಿಯ ಚುರುಕು ಸ್ವಲ್ಪ ಇದೆ. ಕೈಗೆತ್ತಿಕೊಂಡದ್ದನ್ನು ಬಿಡದೆ ಅಚ್ಚುಕಟ್ಟಾಗಿ ಮುಗಿಸುವ ಗುಣ ಸ್ವಲ್ಪ ಇದೆ. ಆ ವಿಷಯದ ತಿಳಿವಳಿಕೆ ಇದೆ, ಪರೀಕ್ಷೆ ಬರೆಯುವ ಕಲೆ ಇದೆ, ಮನೆಯಲ್ಲಿ ಓದೋಕೆ ಜಾಗ ಸಮಯ ಇತ್ತಾ ಅನ್ನೋದೂ ಇದೆ, ಪಾರ್ಟ್ ಟೈಮ್ ಕೆಲಸ ಮಾಡಿಕೊಂಡು ಓದಿದರಾ ಅನ್ನೋದಂತೂ ಇದ್ದೇ ಇದೆ. ಕೆಲಸದ ಮೊದಲ ವರ್ಷ ಸುಮಾರಾಗಿ ಕಾಲೇಜಿನ ಥರವೇ ಇರುತ್ತದೆ. ತರಬೇತಿ ಇರುತ್ತದೆ, ಕಲಿಯೋದು ಜಾಸ್ತಿ, ಏನು ಮಾಡಬೇಕು ಅಂತ ಯಾರೋ ಹೇಳುತ್ತಾರೆ, ಗಡುವು ಕೊಡುತ್ತಾರೆ, ನೀವು ಮಾಡಿ ಒಪ್ಪಿಸುತ್ತೀರಿ. ಹಾಗಾಗಿ ಕಾಲೇಜಿನಲ್ಲಿ ಚೆನ್ನಾಗಿ ಮಾಡಿದವರು ಇಲ್ಲೂ ಚೆನ್ನಾಗಿ ಮಾಡುತ್ತಾರೆ.

ಐದಾರು ವರ್ಷ ಕಳೆಯಲಿ. ಆಗ ಪ್ರಶ್ನೆಪತ್ರಿಕೆ ಕೊಡುವವರೇ ಇರುವುದಿಲ್ಲ. ಏನು ತಪ್ಪಾಗಿದೆ ಅಂತ ನೀವೇ ಹುಡುಕಬೇಕು, ಯಾವುದು ಮುಖ್ಯ ಯಾವುದನ್ನು ಬಿಡಬಹುದು ಅಂತ ನೀವೇ ಆರಿಸಬೇಕು. ನಿಮ್ಮ ಮಾತು ಕೇಳಲೇಬೇಕು ಅಂತ ಇಲ್ಲದ ಬೇರೆ ವಿಭಾಗದವರಿಂದ ಕೆಲಸ ಮಾಡಿಸಿಕೊಳ್ಳಬೇಕು, ಎರಡು ವಾರ ಬೆವರು ಸುರಿಸಿ ಮಾಡಿದ್ದನ್ನು ಗ್ರಾಹಕ ಬೇಡ ಅಂದಾಗ ಮುಖ ಸಿಂಡರಿಸದೆ ಮತ್ತೆ ಶುರು ಮಾಡಬೇಕು. ಇದ್ಯಾವುದಕ್ಕೂ ಸೆಮಿಸ್ಟರ್ ಪರೀಕ್ಷೆಯಲ್ಲಿ ಮಾರ್ಕ್ಸ್ ಕೊಟ್ಟಿರಲಿಲ್ಲ. ಜೊತೆಗೆ ಕೆಲಸ ಮಾಡುತ್ತಾ ಎಲ್ಲರೂ ಕಲಿಯುತ್ತಾರೆ, ಹಿಂದೆ ಇದ್ದವರು ಮುಂದಿದ್ದವರನ್ನು ಹಿಡಿಯುತ್ತಾರೆ.

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1981ರಲ್ಲಿ ಹೈಸ್ಕೂಲಿನಲ್ಲಿ ಮೊದಲ ಸಾಲಿನಲ್ಲಿ ಪಾಸಾದ 81 ಜನರನ್ನು ಕ್ಯಾರೆನ್ ಆರ್ನಾಲ್ಡ್ ಅನ್ನುವ ಸಂಶೋಧಕಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಿ ನೋಡಿದರು. ಅವರಲ್ಲಿ ಹೆಚ್ಚಿನವರು ಕಾಲೇಜಿನಲ್ಲೂ ಚೆನ್ನಾಗಿ ಓದಿದರು, ಒಳ್ಳೆ ಕೆಲಸಗಳಿಗೆ ಸೇರಿದರು, ನೆಮ್ಮದಿಯಾಗಿ ಬದುಕಿದರು. ಆದರೆ ಒಂದು ಕ್ಷೇತ್ರವನ್ನೇ ಬುಡಮೇಲು ಮಾಡುವಂಥವರಾಗಿ ಬಹುತೇಕ ಯಾರೂ ಹೊರಬರಲಿಲ್ಲ. ಇದನ್ನು ಅವರ ಸೋಲು ಅಂತ ಬರೆಯುವವರು ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಒಳ್ಳೆ ಕೆಲಸ, ನೆಮ್ಮದಿಯ ಬದುಕು ಸಣ್ಣ ಸಾಧನೆಯೇ?

ನೀವಿನ್ನೂ ಓದುತ್ತಿದ್ದರೆ

ಮಾರ್ಕ್ಸ್ ಬಾಗಿಲು ತೆರೆಯುತ್ತದೆ, ಒಳಗೆ ಹೋದಮೇಲೆ ಅದರ ಕೆಲಸ ಬೇಗ ಮುಗಿಯುತ್ತದೆ. ಹಾಗಾಗಿ ನೀವು ಮೊದಲು ಮಾಡಬೇಕಾದದ್ದು, ನಿಮಗೆ ಬೇಕಾದ ಬಾಗಿಲು ಯಾವುದು ಅಂತ ಗೊತ್ತು ಮಾಡಿಕೊಳ್ಳೋದು. ನೀವು ಸೇರಬೇಕೆಂದಿರುವ ಐದಾರು ಕಡೆಗಳ ಪ್ರಕಟಣೆ ತೆಗೆದು ಓದಿ. ಕಟಾಫ್ ಎಷ್ಟು ಅಂತ ಒಂದು ಕಾಗದದ ಮೇಲೆ ಬರೆದಿಡಿ. ಉನ್ನತ ವ್ಯಾಸಂಗ, ಸಂಶೋಧನೆ, ಸ್ಕಾಲರ್‌ಶಿಪ್, ವೈದ್ಯಕೀಯ, ಕಾನೂನು, ಹೊಸಬರನ್ನು ಗುಂಪಾಗಿ ತೆಗೆದುಕೊಳ್ಳುವ ದೊಡ್ಡ ಕಂಪನಿಗಳು, ಇಲ್ಲೆಲ್ಲ ಮಾರ್ಕ್ಸ್ ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ. ಚಿಕ್ಕ ಕಂಪನಿ, ವಿನ್ಯಾಸ, ಬರವಣಿಗೆ, ಮಾರಾಟ, ಸ್ವಂತ ಉದ್ಯೋಗದ ಕಡೆ ಹೋಗುವವರಿಗೆ ಇಷ್ಟು ಲೆಕ್ಕಕ್ಕೆ ಬರೋದಿಲ್ಲ.

ಕಟಾಫ್ ಗೊತ್ತಾದ ಮೇಲೆ ಅದಕ್ಕಿಂತ ಸ್ವಲ್ಪ ಮೇಲೆ ನಿಮ್ಮ ಗುರಿ ಇಡಿ. ಸ್ವಲ್ಪ ಮೇಲೆ ಯಾಕೆಂದರೆ ಒಂದು ಸೆಮಿಸ್ಟರ್ ಕೈಕೊಟ್ಟರೂ ನೀವು ಕೆಳಗೆ ಬೀಳಬಾರದು. ಗುರಿ ದಾಟಿದಮೇಲೆ 84ನ್ನು 88 ಮಾಡೋಕೆ ಸುರಿಯುವ ಗಂಟೆಗಳಿದ್ದಾವಲ್ಲ, ಅವನ್ನು ಬೇರೆ ಕಡೆ ಹಾಕಿ. ನನ್ನ ಆಯ್ಕೆ ಕೇಳಿದರೆ, ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ನೀವೇ ಮಾಡಿ ಮುಗಿಸಿ ಅಂತೀನಿ. ಅರ್ಧಕ್ಕೆ ನಿಂತ ಹತ್ತು ಪ್ರಾಜೆಕ್ಟ್‌ಗಿಂತ ಮುಗಿದ ಒಂದು ಪ್ರಾಜೆಕ್ಟ್ ಮೇಲು. ಬೇರೆ ಯಾರೋ ಅದನ್ನು ಬಳಸುವಂತಿದ್ದರೆ ಇನ್ನೂ ಮೇಲು, ಯಾಕೆಂದರೆ ಬಳಸುವವರು ದೂರು ಹೇಳುತ್ತಾರೆ, ಆ ದೂರು ಸರಿಪಡಿಸುವಾಗ ಕಲಿಯೋದನ್ನು ಯಾವ ತರಗತಿಯೂ ಕಲಿಸುವುದಿಲ್ಲ.

ಎಲ್ಲ ವಿಷಯಗಳ ಮಾರ್ಕ್ಸೂ ಒಂದೇ ಅಲ್ಲ ಅನ್ನೋದನ್ನು ಮರೆಯಬೇಡಿ. ಮುಂದೆ ನೀವು ದಿನವೂ ಬಳಸುವ ವಿಷಯಗಳಲ್ಲಿ, ಲೆಕ್ಕಪರಿಶೋಧನೆಗೆ ಹೋಗುವವರಿಗೆ ಅಕೌಂಟೆನ್ಸಿ, ಡೇಟಾ ಕೆಲಸಕ್ಕೆ ಹೋಗುವವರಿಗೆ ಸಂಖ್ಯಾಶಾಸ್ತ್ರ, ಇಂಥವುಗಳಲ್ಲಿ ಪರೀಕ್ಷೆ ಪಾಸಾದರೆ ಸಾಕು ಅಂತ ಓದಬೇಡಿ. ಅಲ್ಲಿ ಬುಡ ಗಟ್ಟಿ ಇರಬೇಕು. ಸರಾಸರಿ ಏರಿಸೋಕೆ ಸುಲಭದ ಐಚ್ಛಿಕ ವಿಷಯ ಆರಿಸೋದು ತುಂಬಾ ಜನ ಮಾಡುವ ಕೆಲಸ. ಒಂದು ಸಲ ಮಾಡಿದರೆ ತಪ್ಪಿಲ್ಲ. ಎಲ್ಲ ಸಲವೂ ಹಾಗೇ ಮಾಡಿದರೆ ಕಷ್ಟವಾದದ್ದನ್ನು ಕಲಿಯುವ ಅಭ್ಯಾಸವೇ ಹೋಗಿಬಿಡುತ್ತದೆ. ಅದು ನನಗೆ ನಿಜಕ್ಕೂ ಬೇಸರ ತರುವ ವಿಷಯ, ಯಾಕೆಂದರೆ ಕಾಲೇಜಿನಲ್ಲಿ ಸೋತರೆ ಒಂದು ಗ್ರೇಡ್ ಹೋಗುತ್ತದೆ ಅಷ್ಟೇ, ಆಮೇಲೆ ಸೋಲೋಕೆ ಇಷ್ಟು ಅಗ್ಗದ ಜಾಗ ಸಿಗುವುದಿಲ್ಲ.

ಮಾರ್ಕ್ಸ್ ಕಡಿಮೆ ಇದ್ದು ಕೆಲಸ ಹುಡುಕುತ್ತಿದ್ದರೆ

ನಿಮ್ಮ ತೊಂದರೆ ಏನು ಅಂತ ಸರಿಯಾಗಿ ಗುರುತಿಸಿ. ನೀವು ಕೆಲಸ ಮಾಡಲಾರಿರಿ ಅನ್ನೋದು ತೊಂದರೆ ಅಲ್ಲ, ನಿಮ್ಮ ಅರ್ಜಿಯನ್ನು ಮನುಷ್ಯರು ಓದುವ ಮೊದಲೇ ಸೋಸಿ ತೆಗೆಯುತ್ತಾರೆ ಅನ್ನೋದು ತೊಂದರೆ. ಹಾಗಾಗಿ ಸೋಸುವ ಜರಡಿ ಇಲ್ಲದ ದಾರಿ ಹುಡುಕಿ. ಒಳಗೆ ಕೆಲಸ ಮಾಡುವವರು ಶಿಫಾರಸು ಮಾಡಿದ ಅರ್ಜಿ ಎಷ್ಟೋ ಕಡೆ ನೇರವಾಗಿ ಮ್ಯಾನೇಜರ್ ಕೈಗೆ ಹೋಗುತ್ತದೆ. ಚಿಕ್ಕ ಕಂಪನಿಗಳಲ್ಲಿ ಮಾಲೀಕರೇ ಓದುತ್ತಾರೆ. ಇಂಟರ್ನ್‌ಶಿಪ್, ಕರಾರಿನ ಕೆಲಸ, ಕಡಿಮೆ ಅವಧಿಯ ಕೆಲಸಗಳಿಗೆ ಕಟಾಫ್ ಅಪರೂಪ. ಅಲ್ಲಿ ಆರು ತಿಂಗಳು ಚೆನ್ನಾಗಿ ಮಾಡಿದರೆ ಮುಂದಿನ ಅರ್ಜಿಯಲ್ಲಿ ಮೊದಲ ಸಾಲು ಅದೇ ಆಗುತ್ತದೆ.

ರೆಸ್ಯೂಮೆಯಲ್ಲಿ ಮಾರ್ಕ್ಸ್ ಹಾಕಲೇಬೇಕು ಅಂತ ಕೇಳದಿದ್ದರೆ ಹಾಕಬೇಡಿ. ಒಟ್ಟು ಸರಾಸರಿ ಕಡಿಮೆ ಇದ್ದು ಕೊನೆಯ ಎರಡು ವರ್ಷ ಚೆನ್ನಾಗಿದ್ದರೆ, ಕೊನೆಯ ಎರಡು ವರ್ಷದ್ದು ಅಂತ ಸ್ಪಷ್ಟವಾಗಿ ಹೆಸರಿಸಿ ಅದನ್ನೇ ಹಾಕಿ. ಮೇಲಕ್ಕೆ ಏರುತ್ತಿರುವ ಗೆರೆಯನ್ನು ಎಲ್ಲರೂ ಇಷ್ಟಪಡುತ್ತಾರೆ. ಇಂಟರ್ವ್ಯೂನಲ್ಲಿ ಮಾರ್ಕ್ಸ್ ಬಗ್ಗೆ ಕೇಳಿದರೆ ಎರಡು ವಾಕ್ಯದಲ್ಲಿ ಉತ್ತರ ಮುಗಿಸಿ. ಹೀಗೆ: "ಮೊದಲ ಮೂರು ಸೆಮಿಸ್ಟರ್ ರಾತ್ರಿ ಪಾಳಿ ಕೆಲಸ ಮಾಡಿಕೊಂಡು ಓದಿದೆ, ಮಾರ್ಕ್ಸ್ ಬಿದ್ದಿತು. ಆಮೇಲಿನದು ನೋಡಿದರೆ ಏರಿದ್ದು ಕಾಣುತ್ತದೆ, ಈ ಪ್ರಾಜೆಕ್ಟ್ ಆಗ ಮಾಡಿದ್ದು." ಅಂಥ ಕಾರಣ ಯಾವುದೂ ಇಲ್ಲದಿದ್ದರೆ, ಆಗ ಓದಿನ ಕಡೆ ಗಮನ ಕೊಡಲಿಲ್ಲ, ಈಗ ಇದನ್ನು ಮಾಡುತ್ತಿದ್ದೇನೆ ಅಂತ ಹೇಳಿ. ಪ್ರೊಫೆಸರ್ ಮೇಲೆ, ವ್ಯವಸ್ಥೆ ಮೇಲೆ ಹಾಕಬೇಡಿ. ಅದು ನಿಜವೇ ಆಗಿದ್ದರೂ ಕೇಳುವವರ ಕಿವಿಗೆ ಬೇರೆ ಥರ ಬೀಳುತ್ತದೆ.

ಮಾರ್ಕ್ಸ್ ಜಾಸ್ತಿ ಇದ್ದರೂ ಎಲ್ಲರಿಗೂ ಒಂದೇ ಲಾಭ ಸಿಗುವುದಿಲ್ಲ ಅನ್ನೋದೂ ಗೊತ್ತಿರಲಿ. 2018ರಲ್ಲಿ ನಟಾಷಾ ಕ್ವಾಡ್ಲಿನ್ ಅಮೆರಿಕದಲ್ಲಿ 2,106 ಕಾಲ್ಪನಿಕ ಅರ್ಜಿಗಳನ್ನು ಕಳಿಸಿ ನೋಡಿದರು. ತುಂಬಾ ಒಳ್ಳೆ ಗ್ರೇಡ್ ಇದ್ದ ಗಂಡಸರಿಗೆ, ಅಷ್ಟೇ ಒಳ್ಳೆ ಗ್ರೇಡ್ ಇದ್ದ ಹೆಂಗಸರಿಗಿಂತ ಸುಮಾರು ಎರಡು ಪಟ್ಟು ಕರೆ ಬಂದವು. ಗಣಿತ ಓದಿದವರಲ್ಲಿ ಅದು ಮೂರು ಪಟ್ಟು. ಓದಿದ ಹೆಣ್ಣುಮಗಳ ಗ್ರೇಡ್ ನೋಡಿ, ಇವಳು ಜೊತೆಗಾರರ ಜೊತೆ ಹೊಂದಿಕೊಳ್ಳುತ್ತಾಳಾ ಅಂತ ಅನುಮಾನ ಪಡುವುದು ಘೋರ ಅನ್ಯಾಯ. ಇದನ್ನು ಮುಂದಿನ ಭಾಗದವರು ಗಮನಿಸಬೇಕು.

ನೀವು ಕೆಲಸಕ್ಕೆ ತೆಗೆದುಕೊಳ್ಳುವವರಾದರೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಒಂದು ಕಟಾಫ್ ಹಾಕುವ ನಿಮ್ಮ ಒಂದು ಕ್ಲಿಕ್‌ನಿಂದ ನೂರಾರು ಜನರ ದಾರಿ ಬದಲಾಗುತ್ತದೆ.

ಮಾರ್ಕ್ಸ್ ಬಳಸಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಹೊಸದಾಗಿ ಕಾಲೇಜು ಮುಗಿಸಿದವರ ಬಗ್ಗೆ ನಿಮ್ಮ ಕೈಯಲ್ಲಿ ಬೇರೆ ಮಾಹಿತಿ ಕಡಿಮೆ ಇರುತ್ತದೆ, ಆಗ ಅದನ್ನು ಒಂದು ಸುಳಿವಾಗಿ ಇಟ್ಟುಕೊಳ್ಳಿ. ಗೂಗಲ್‌ನಲ್ಲಿ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೋ ಬಾಕ್ 2013ರಲ್ಲಿ ನ್ಯೂಯಾರ್ಕ್ ಟೈಮ್ಸ್ ಸಂದರ್ಶನದಲ್ಲಿ ಹೇಳಿದ್ದೂ ಇದನ್ನೇ. ಜಿಪಿಎ, ಅಂದರೆ ಕಾಲೇಜಿನ ಗ್ರೇಡ್‌ಗಳ ಸರಾಸರಿ, ನೇಮಕಾತಿಗೆ ಪ್ರಯೋಜನಕ್ಕೆ ಬಾರದ ಅಳತೆ, ಹೊಸದಾಗಿ ಪದವಿ ಮುಗಿಸಿದವರಲ್ಲಿ ಮಾತ್ರ ಸ್ವಲ್ಪ ಸಂಬಂಧ ಕಾಣುತ್ತದೆ ಅಂದಿದ್ದರು. ಆ ಮಾತಿನ ಮೊದಲರ್ಧವನ್ನು ಮಾತ್ರ ಹಂಚುವವರೇ ಜಾಸ್ತಿ. ಇನ್ನೊಂದು ವಿಷಯ, ಗೂಗಲ್‌ಗೆ ಅರ್ಜಿ ಹಾಕಿ ಒಳಗೆ ಬಂದವರು ಮೊದಲೇ ಸೋಸಿ ಬಂದವರು. ಮೇಲಿನ ತುಂಡನ್ನು ಮಾತ್ರ ನೋಡುವ ಸಮಸ್ಯೆ ಅವರಿಗೂ ಇತ್ತು.

ಬ್ರಿಟನ್ನಿನಲ್ಲಿ ಇವೈ ಅನ್ನುವ ದೊಡ್ಡ ಲೆಕ್ಕಪರಿಶೋಧನಾ ಕಂಪನಿ 2015ರಲ್ಲಿ ಹೊಸಬರ ನೇಮಕಾತಿಯಿಂದ ಡಿಗ್ರಿ ದರ್ಜೆಯ ಕಟಾಫ್ ತೆಗೆದುಹಾಕಿತು. ವಿಶ್ವವಿದ್ಯಾಲಯದಲ್ಲಿ ಚೆನ್ನಾಗಿ ಮಾಡಿದವರು ಆಮೇಲೆ ಬರೆಯುವ ವೃತ್ತಿ ಪರೀಕ್ಷೆಗಳಲ್ಲೂ ಚೆನ್ನಾಗಿ ಮಾಡುತ್ತಾರೆ ಅನ್ನೋದಕ್ಕೆ ತಮ್ಮ ಲೆಕ್ಕದಲ್ಲಿ ಪುರಾವೆ ಸಿಗಲಿಲ್ಲ ಅಂತ ಹೇಳಿತು. ನೀವೂ ಇದನ್ನೇ ಮಾಡಬಹುದು. ನಿಮ್ಮಲ್ಲಿ ಮೂರು ವರ್ಷ ಕಳೆದವರ ಮಾರ್ಕ್ಸ್ ಒಂದು ಕಾಲಮ್‌ನಲ್ಲಿ, ಈಗಿನ ಕೆಲಸದ ಅಳತೆ ಇನ್ನೊಂದು ಕಾಲಮ್‌ನಲ್ಲಿ ಹಾಕಿ ನೋಡಿ. ನಿಮ್ಮ ಕಟಾಫ್ ಸುತ್ತಮುತ್ತ ಇದ್ದವರು, ಅದರಿಂದ ತುಂಬಾ ಮೇಲಿದ್ದವರು, ಇವರಿಬ್ಬರ ನಡುವೆ ಏನೂ ವ್ಯತ್ಯಾಸ ಕಾಣದಿದ್ದರೆ ಕಟಾಫ್ ಇಳಿಸಿ ಒಂದು ವರ್ಷ ಪ್ರಯತ್ನಿಸಿ.

ಕಟಾಫ್ ಬದಲು ಏನು? ಪಾಲ್ ಸಾಕೆಟ್ ಮತ್ತು ಜೊತೆಗಾರರು 2022ರಲ್ಲಿ ನೇಮಕಾತಿಯ ಬೇರೆ ಬೇರೆ ವಿಧಾನಗಳನ್ನು ಹೋಲಿಸಿ ಹೊಸ ಲೆಕ್ಕ ಕೊಟ್ಟರು. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ, ಮೊದಲೇ ಬರೆದಿಟ್ಟ ಅಳತೆಯಲ್ಲಿ ಅಂಕ ಹಾಕುವ ಇಂಟರ್ವ್ಯೂಗೂ ಮುಂದಿನ ಕೆಲಸದ ಗುಣಮಟ್ಟಕ್ಕೂ ಕೋರಿಲೇಷನ್ 0.42 ಬಂತು. ಹಾಗೇ ಮಾತಾಡಿಸಿ ಮನಸ್ಸಿಗೆ ಬಂದಂತೆ ನಿರ್ಧರಿಸುವ ಇಂಟರ್ವ್ಯೂಗೆ 0.19. ಅರ್ಧಕ್ಕಿಂತ ಕಡಿಮೆ! ಮೊದಲನೆಯದಕ್ಕೆ ಹಣ ಖರ್ಚಾಗುವುದಿಲ್ಲ, ಒಂದು ಮಧ್ಯಾಹ್ನ ಕೂತು ತಯಾರಿ ಮಾಡಿದರೆ ಸಾಕು.

ಮಾಡುವ ರೀತಿ ಹೀಗೆ. ಈ ಕೆಲಸದಲ್ಲಿ ಚೆನ್ನಾಗಿ ಮಾಡುವವರು ಏನು ಮಾಡುತ್ತಾರೆ ಅಂತ ಈಗಾಗಲೇ ಅದನ್ನು ಮಾಡುತ್ತಿರುವವರನ್ನು ಕೇಳಿ ನಾಲ್ಕೈದು ಗುಣ ಬರೆದುಕೊಳ್ಳಿ. ಪ್ರತಿ ಗುಣಕ್ಕೂ ಒಂದು ಪ್ರಶ್ನೆ ಮಾಡಿ, ನಡೆದದ್ದನ್ನು ಕೇಳುವ ಪ್ರಶ್ನೆ. "ನೀವು ತಂಡದಲ್ಲಿ ಕೆಲಸ ಮಾಡುತ್ತೀರಾ" ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. "ಜೊತೆಯವರೊಬ್ಬರು ತಮ್ಮ ಪಾಲಿನ ಕೆಲಸ ಮಾಡದಿದ್ದಾಗ ನೀವು ಏನು ಮಾಡಿದಿರಿ, ಕೊನೆಗೆ ಏನಾಯಿತು" ಅಂತ ಕೇಳಿ. ಒಳ್ಳೆ ಉತ್ತರ ಹೇಗಿರುತ್ತದೆ, ಸಾಧಾರಣ ಉತ್ತರ ಹೇಗಿರುತ್ತದೆ ಅಂತ ಮೊದಲೇ ಬರೆದಿಡಿ. ಇಂಟರ್ವ್ಯೂ ಮುಗಿದ ತಕ್ಷಣ, ಪಕ್ಕದಲ್ಲಿ ಕೂತವರ ಜೊತೆ ಚರ್ಚೆ ಮಾಡುವ ಮೊದಲೇ, ಇಬ್ಬರೂ ಬೇರೆ ಬೇರೆಯಾಗಿ ಅಂಕ ಹಾಕಿ. ಸಾಧ್ಯವಾದರೆ ನಿಜ ಕೆಲಸದ ಒಂದು ಚಿಕ್ಕ ತುಣುಕು ಮಾಡಿಸಿ ನೋಡಿ, ಒಂದೆರಡು ಗಂಟೆ ಮೀರದಂತೆ. ಎರಡು ದಿನದ ಕೆಲಸವನ್ನು ಪುಕ್ಕಟೆ ಮಾಡಿಸಿಕೊಳ್ಳಬೇಡಿ, ಬಿಡುವಿಲ್ಲದೆ ದುಡಿಯುತ್ತಿರುವ ಒಳ್ಳೆಯವರು ಅಲ್ಲೇ ಬಿಟ್ಟುಹೋಗುತ್ತಾರೆ.

ಬೇರೆ ಬೇರೆ ಕಾಲೇಜುಗಳ ಮಾರ್ಕ್ಸ್‌ಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವಾಗಲೂ ಎಚ್ಚರ ಬೇಕು. ಹಾರ್ವರ್ಡ್‌ನಲ್ಲಿ 2013ರ ಹೊತ್ತಿಗೇ ಅತಿ ಹೆಚ್ಚು ಸಲ ಕೊಡುತ್ತಿದ್ದ ಗ್ರೇಡ್ ಎ ಆಗಿತ್ತು. ಕೈಬಿಚ್ಚಿ ಮಾರ್ಕ್ಸ್ ಕೊಡುವ ಕಡೆಯ 85, ಬಿಗಿಯಾಗಿ ಕೊಡುವ ಕಡೆಯ 68, ಇವೆರಡರಲ್ಲಿ ಯಾವುದು ದೊಡ್ಡದು ಅಂತ ಅಂಕಿ ನೋಡಿ ಹೇಳೋಕೆ ಆಗುವುದಿಲ್ಲ. ತರಗತಿಯಲ್ಲಿ ಎಷ್ಟನೇ ಸ್ಥಾನ ಅಂತ ಕೇಳಿದರೆ ಸ್ವಲ್ಪ ವಾಸಿ.

ಯಶಸ್ಸು ಅಂದಾಗ ಏನು ಕೇಳುತ್ತಿದ್ದೇವೆ ಅಂತ ನೋಡಿ

ಕೆಲಸ ಚೆನ್ನಾಗಿ ಮಾಡೋದು ಬೇರೆ, ಸಂಬಳ ಬಡ್ತಿ ಹೆಸರು ಬರೋದು ಬೇರೆ. ಎರಡನೆಯದರಲ್ಲಿ ಕಾಲ, ಕ್ಷೇತ್ರ, ಯಾರ ಕೈಕೆಳಗೆ ಬಿದ್ದಿರಿ ಅನ್ನೋದೆಲ್ಲ ಸೇರಿಕೊಳ್ಳುತ್ತದೆ. ಕೆನಡಾದಲ್ಲಿ ಓರಿಯೋಪೌಲೋಸ್, ಫಾನ್ ವಾಕ್ಟರ್ ಮತ್ತು ಹೈಸ್ ಮಾಡಿದ ಅಧ್ಯಯನದಲ್ಲಿ, ಆರ್ಥಿಕ ಹಿಂಜರಿತದ ವರ್ಷದಲ್ಲಿ ಕಾಲೇಜು ಮುಗಿಸಿದವರ ಗಳಿಕೆ ಶುರುವಿನಲ್ಲಿ ಸುಮಾರು 9% ಕಡಿಮೆ ಇತ್ತು, ಆ ಕೊರತೆ ತುಂಬಲು ಹತ್ತು ವರ್ಷದಷ್ಟು ಹಿಡಿಯಿತು. ಅವರು ಓದಿದ್ದರಲ್ಲಿ ಏನೂ ಕಡಿಮೆ ಇರಲಿಲ್ಲ. ಹುಟ್ಟಿದ ವರ್ಷ ಕೈಕೊಟ್ಟಿತು ಅಷ್ಟೇ. ದೊಡ್ಡ ಹೆಸರಿನ ಕಾಲೇಜಿನ ವಿಷಯವೂ ಹೀಗೇ. 2002ರಲ್ಲಿ ಡೇಲ್ ಮತ್ತು ಕ್ರೂಗರ್ ತೋರಿಸಿದ ಪ್ರಕಾರ, ಅಂಥ ಕಾಲೇಜಿಗೆ ಸೀಟು ಸಿಕ್ಕಿಯೂ ಬೇರೆ ಕಡೆ ಓದಿದವರು, ಅಲ್ಲೇ ಓದಿದವರಷ್ಟೇ ಗಳಿಸಿದರು. ಬಡ ಮನೆಯಿಂದ ಬಂದವರಿಗೆ ಮಾತ್ರ ಆ ಕಾಲೇಜು ನಿಜಕ್ಕೂ ಲಾಭ ಕೊಟ್ಟಿತು.

ಮಕ್ಕಳ ಓದಿನ ಬಗ್ಗೆ ಚಿಂತಿಸುವ ಅಪ್ಪ ಅಮ್ಮಂದಿರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಮಗಳ ಮಾರ್ಕ್ಸ್ 90ರಿಂದ 82ಕ್ಕೆ ಇಳಿದರೆ ಅವಳ ಭವಿಷ್ಯ ಹೋಯಿತು ಅನ್ನೋದಕ್ಕೆ ಯಾವ ಪುರಾವೆಯೂ ಇಲ್ಲ. ಒಮ್ಮೆಗೇ ಪಾತಾಳಕ್ಕೆ ಇಳಿದರೆ ಮಾತ್ರ ಗಮನಿಸಿ. ನಿದ್ದೆ ಕೆಟ್ಟಿದೆಯಾ, ಯಾರಾದರೂ ಕಾಟ ಕೊಡುತ್ತಿದ್ದಾರಾ, ಆರಿಸಿದ ವಿಷಯವೇ ಬೇಡವಾಗಿದೆಯಾ ಅಂತ ಕೇಳಿ. ಬೈಯುವ ಮೊದಲು ಕೇಳಿ.

ಕೊನೆಯದಾಗಿ, ರೆಸ್ಯೂಮೆಯಿಂದ ಮಾರ್ಕ್ಸ್ ಯಾವಾಗ ತೆಗೆಯಬೇಕು? ಎರಡು ಮೂರು ವರ್ಷ ಕೆಲಸ ಮಾಡಿದ ಮೇಲೆ ತೆಗೆದುಬಿಡಿ, ಎಷ್ಟು ಚೆನ್ನಾಗಿದ್ದರೂ ಸರಿ. ಆ ಸಾಲಿನ ಜಾಗದಲ್ಲಿ ಕೆಲಸದಲ್ಲಿ ಮಾಡಿದ್ದು ಒಂದನ್ನು ಬರೆಯಿರಿ, ಮೊದಲು ಹೇಗಿತ್ತು, ನೀವು ಮಾಡಿದ ಮೇಲೆ ಹೇಗಾಯಿತು ಅಂತ. ಸಂಶೋಧನೆ, ಬೋಧನೆ, ಸರ್ಕಾರಿ ಕೆಲಸಗಳಿಗೆ ಅರ್ಜಿ ಹಾಕುವಾಗ ಮಾತ್ರ ಕೇಳಿದ್ದರೆ ಹಾಕಿ. ಹಾಕುವಾಗ ಇದ್ದದ್ದನ್ನು ಇದ್ದ ಹಾಗೇ ಹಾಕಿ. 69.4ನ್ನು 70 ಮಾಡಬೇಡಿ. ದಾಖಲೆ ಪರಿಶೀಲಿಸುವಾಗ ಅದು ಸಿಕ್ಕಿಬಿದ್ದರೆ ಕೈಗೆ ಬಂದ ಆಫರ್ ವಾಪಸ್ ಹೋಗಬಹುದು.